ಕಯಾಕ್‌ನಲ್ಲಿ ಹೋಗಿ ಪಚ್ಚಿಲೆಗೆ ಮುಳುಗುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಪಚ್ಚಿಲೆ ಅನ್ನುತ್ತೇವೆ. ಚಂದ್ರಗಿರಿ ಹೊಳೆ ದಾಟಿದರೆ ಅದೇ ಕಲ್ಲುಮ್ಮಕಾಯಿ, ಬಡಗಕ್ಕೆ ಹೋದಂತೆ ನೀಲಿಕಲ್ಲು. ಹೆಸರು ಯಾವುದಾದರೂ ಜೀವಿ ಒಂದೇ: ನಾರು ಬಿಟ್ಟು ಬಂಡೆಗೆ ಕಚ್ಚಿ ಕೂತ, ಅಂಚಿನಲ್ಲಿ ಹಸಿರು ಮಿನುಗುವ ಜೋಡಿಚಿಪ್ಪು. ನೀರು ಇಳಿದಾಗ ತಡೆಗೋಡೆಯ ಕಲ್ಲಿನ ಮೇಲೆ ನಿಂತು ಕೀಳುವವರಿಗೆ ಹೆಚ್ಚಾಗಿ ಸಣ್ಣ ಕಾಯಿ ಸಿಗುತ್ತದೆ. ಕೈತುಂಬುವ ದಪ್ಪ ಕಾಯಿ ಬೇಕೆಂದರೆ ಇಳಿತದ ಗೆರೆಯ ಕೆಳಗೆ, ಎರಡರಿಂದ ಆರು ಮೀಟರ್ ಆಳಕ್ಕೆ ಉಸಿರು ಕಟ್ಟಿ ಮುಳುಗಬೇಕು. ಆ ಕೆಲಸವನ್ನು ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ಇಟ್ಟುಕೊಂಡು, ಇಬ್ಬರು ಮೂವರು ಸೇರಿ ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇವೆ.

ಕಡಲಲ್ಲಿ 200 ಮೀಟರ್ ನಿಲ್ಲದೆ ಈಜಲು ಬಾರದವರು, ಕಿವಿ ಸೋರುವವರು, ಅಪಸ್ಮಾರ ಅಥವಾ ಹೃದಯದ ತೊಂದರೆ ಇರುವವರು ಇದಕ್ಕೆ ಇಳಿಯಬಾರದು. ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಹೊರಡಬಾರದು. ಶೀತವಾದ ದಿನ ಯಾರೂ ಮುಳುಗಬಾರದು. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಗಾಳಿಯ ದಾರಿಯೂ ಕಟ್ಟಿರುತ್ತದೆ, ಮೂರೇ ಮೀಟರಿಗೆ ಕಿವಿತಮಟೆ ಹರಿಯಬಹುದು. ಮೂಗಿಗೆ ಮದ್ದು ಬಿಟ್ಟುಕೊಂಡು ಇಳಿಯುವುದು ಇನ್ನೂ ಕೆಟ್ಟದ್ದು. ಮದ್ದಿನ ಬಲ ನೀರೊಳಗೆ ಮುಗಿದರೆ ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ.

ಕಾಲ, ಗಾಳಿ, ನೀರು

ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್. ತುಲಾ ತಿಂಗಳ ಮಳೆ ನಿಂತು ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳ ಕೆಂಪುನೀರು ತಿಳಿಯಾಗುವಾಗ ನವೆಂಬರ್ ಕೊನೆಗೆ ಬಂದಿರುತ್ತದೆ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಸಾಮಾನು ತೊಳೆದು ಅಟ್ಟಕ್ಕೆ ಹಾಕಿಬಿಡಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಮೋಸ ಹೋಗುವವರು ಹೆಚ್ಚು. ಗಾಳಿ ಇರುವುದಿಲ್ಲ, ಕಡಲು ಎಣ್ಣೆ ಸುರಿದ ಹಾಗೆ ನುಣ್ಣಗಿರುತ್ತದೆ, ಆದರೆ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆ ದಿನಗಟ್ಟಲೆ ಓಡಿ ಬಂದು ಇಲ್ಲಿ ಕಲ್ಲಿಗೆ ಬಡಿಯುತ್ತದೆ. ಕೇರಳ ತೀರದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಎಚ್ಚರಿಕೆಯನ್ನೂ ದಿನದಿನದ ತೆರೆಯ ಮುನ್ಸೂಚನೆಯನ್ನೂ ಕೊಡುತ್ತದೆ. ಅದರಲ್ಲಿ ತೆರೆಯ ಎತ್ತರವನ್ನು ಮಾತ್ರ ನೋಡಿ ಹೊರಡಬೇಡಿ, ಎರಡು ತೆರೆಗಳ ನಡುವೆ ಎಷ್ಟು ಸೆಕೆಂಡು ಎಂಬುದನ್ನೂ ನೋಡಿ. ಆರು ಸೆಕೆಂಡಿಗೊಮ್ಮೆ ಬರುವ ತೆರೆಯ ಎಳೆತ ಮೇಲ್ಮೈಯಲ್ಲೇ ಹೆಚ್ಚು. ಹದಿನಾರು ಸೆಕೆಂಡಿಗೊಮ್ಮೆ ಬರುವ ತೆರೆ, ಎತ್ತರ ಅಷ್ಟೇ ಇದ್ದರೂ, ತಳದ ತನಕ ನೀರನ್ನು ಹಿಂದೆ ಮುಂದೆ ಎಳೆದಾಡುತ್ತದೆ. ಆ ಎಳೆತದಲ್ಲಿ ನೀವು ಕಲ್ಲಿನ ಬುಡದಲ್ಲಿರುತ್ತೀರಿ. ನಮ್ಮ ಲೆಕ್ಕ ಇಷ್ಟು: ಎತ್ತರ ಅರ್ಧ ಮೀಟರ್ ದಾಟಿದರೆ ಇಲ್ಲ, ಅವಧಿ 14 ಸೆಕೆಂಡ್ ದಾಟಿದರೆ ಎತ್ತರ ಎಷ್ಟೇ ಕಡಿಮೆ ಇದ್ದರೂ ಇಲ್ಲ.

ಬೆಳಿಗ್ಗೆ ಮೂಡುಗಾಳಿ ಇರುತ್ತದೆ, ದಡದ ನೀರು ಸಪಾಟಾಗಿರುತ್ತದೆ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಪಡುಗಾಳಿ ಎದ್ದು ಸಣ್ಣ ತೆರೆ ಕಟ್ಟುತ್ತದೆ. ಹಾಗಾಗಿ ಏಳಕ್ಕೆ ನೀರಿಗಿಳಿದು ಹತ್ತಕ್ಕೆ ದಡ ಹತ್ತುವ ಹಾಗೆ ಹೊರಡಿ. ಆದರೆ ಮೂಡುಗಾಳಿಯನ್ನೂ ಪೂರ್ತಿ ನಂಬಬಾರದು, ಅದು ಕಯಾಕನ್ನು ಹೊರಗಡಲಿಗೆ ತಳ್ಳುವ ಗಾಳಿ. ದಡದಲ್ಲಿ ತೆಂಗಿನ ಗರಿ ಎದ್ದು ಆಡುತ್ತಿದ್ದರೆ ಹೊರಡಬೇಡಿ.

ನಡೆದು ಕೀಳುವವರಿಗೆ ಇಳಿತ ಬೇಕು, ಮುಳುಗುವವರಿಗೆ ಬೇಕಾದದ್ದು ಅದರ ಎದುರು. ನೀರು ಏರುವಾಗ ಹೊರಗಡಲಿನ ತಿಳಿನೀರು ಒಳಬರುತ್ತದೆ. ಇಳಿಯುವಾಗ ಅಳಿವೆಯ ಕೆಸರು ಹೊರಗೆ ಹೋಗುತ್ತದೆ. ಏರುವ ನೀರಿನ ಕೊನೆಯ ಎರಡು ಗಂಟೆ ಮುಳುಗಲು ಹೇಳಿಮಾಡಿಸಿದ ಹೊತ್ತು. ಏರಿಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಈ ಹೊತ್ತು ಬೆಳಗಿಗೆ ಸರಿಯಾಗಿ ಬೀಳುವುದು ಹದಿನೈದು ದಿನದಲ್ಲಿ ಮೂರೋ ನಾಲ್ಕೋ ದಿನ. ಆ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಸೆಳೆತ ಜೋರು, ಅಷ್ಟಮಿಯ ಹತ್ತಿರ ಕಡಿಮೆ. ಹೊಸಬರು ಅಷ್ಟಮಿಯ ಆಸುಪಾಸಿನಲ್ಲಿ ಕಲಿಯಲಿ. ನೀರಿಗೆ ತಲೆ ಹಾಕಿ ಕೈಚಾಚಿದಾಗ ನಿಮ್ಮ ಬೆರಳು ಮಸುಕಾಗಿ ಕಂಡರೆ ಆ ದಿನ ವಾಪಸು. ಜೊತೆಗಾರನನ್ನು ಮೂರು ಮೀಟರ್ ಕೆಳಗೆ ನೋಡಲಾಗದ ನೀರಿನಲ್ಲಿ ಯಾರೂ ಯಾರನ್ನೂ ಕಾಯಲಾರರು.

ಜಾಗದ ವಿಷಯದಲ್ಲಿ ಮೊದಲು ಕೇಳಬೇಕಾದವರು ಆ ದಡದ ಮೀನುಗಾರರು. ಕಾಸರಗೋಡು ಕಸಬಾ, ಕೀಳೂರು, ಬೇಕಲದಂಥ ಕಡೆ ಕಡಲಿನ ವ್ಯಾಜ್ಯ ಕಡಕ್ಕೋಡಿ ಎಂಬ ಮೀನುಗಾರರ ನ್ಯಾಯಸಭೆಯಲ್ಲಿ ತೀರ್ಮಾನವಾಗುವ ಪದ್ಧತಿ ಇದೆ. ಊರವರ ಕಲ್ಲಿಗೆ ಹೇಳದೆ ಇಳಿಯುವುದು ಮರ್ಯಾದೆಯಲ್ಲ. ಅವರಿಗೆ ಹೇಳಿದರೆ ಬಲೆ ಎಲ್ಲಿ ಬಿಟ್ಟಿದೆ, ಯಾವ ಕಲ್ಲು ಸಡಿಲ, ಮೊನ್ನೆಯಿಂದ ನೀರಿನ ಬಣ್ಣ ಹೇಗಿದೆ ಎಂಬುದೂ ತಿಳಿಯುತ್ತದೆ. ಮೀನುಗಾರಿಕೆ ಬಂದರಿನ ಬಾಯಿಗೆ, ಫೈಬರ್ ದೋಣಿ ಓಡುವ ಕಾಲುವೆಗೆ ಇಳಿಯಲೇಬೇಡಿ.

ಕಯಾಕ್ ಮತ್ತು ಲಂಗರು

ಮೇಲೆ ಕೂರುವ ಮಾದರಿಯ, 3ರಿಂದ 3.5 ಮೀಟರ್ ಉದ್ದದ ಅಗಲವಾದ ಕಯಾಕ್ ಬೇಕು. ಒಳಗೆ ಕಾಲು ತೂರಿಸಿ ಕೂರುವ ಕಯಾಕಿಗೆ ನೀರಿನಿಂದ ಮತ್ತೆ ಹತ್ತುವುದು ಕಷ್ಟ, ಮಗುಚಿದರೆ ನೀರು ತುಂಬುತ್ತದೆ. ಹುಟ್ಟು ಹಾಕುವಾಗ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು. ಮುಳುಗುವಾಗ ಬಿಚ್ಚಿ ಕಯಾಕಿಗೆ ಕಟ್ಟಬೇಕು, ಸುಮ್ಮನೆ ಇಟ್ಟರೆ ಗಾಳಿಗೆ ಹಾರುತ್ತದೆ. ಮೊಬೈಲು ನೀರು ಹೋಗದ ಚೀಲದಲ್ಲಿ, ಕುಡಿಯುವ ನೀರು ಒಬ್ಬರಿಗೆ ಒಂದೂವರೆ ಲೀಟರ್, ಒಂದು ಸಿಳ್ಳೆ. ಎರಡು ಮೀಟರ್ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ ಕಯಾಕಿನ ಹಿಂದೆ ನಿಲ್ಲಿಸಿ. ಮುಳುಗುವವರ ಅಂತರರಾಷ್ಟ್ರೀಯ ಬಾವುಟ ಇಲ್ಲಿ ಯಾರಿಗೂ ಗುರುತಿಲ್ಲ, ಆದರೆ ಎತ್ತರದ ಕೆಂಪು ಬಟ್ಟೆ ಎಂಜಿನ್ ದೋಣಿಯವರ ಕಣ್ಣಿಗೆ ಬೀಳುತ್ತದೆ.

ಲಂಗರು ಹಾಕುವುದು ಕಲ್ಲಿನ ಮೇಲಲ್ಲ, ಕಲ್ಲಿನಿಂದ 20, 25 ಮೀಟರ್ ದೂರದ ಹೊಯ್ಗೆ (ಮರಳು) ತಳದಲ್ಲಿ. ಮಡಚುವ ನಾಲ್ಕು ಕೊಕ್ಕೆಯ ಒಂದೂವರೆ ಕಿಲೋ ಲಂಗರು ಸಾಕು. ಹಗ್ಗ ಆಳದ ಮೂರರಿಂದ ಐದು ಪಟ್ಟು ಇರಲಿ. ಐದು ಮೀಟರ್ ನೀರಿಗೆ 20 ಮೀಟರ್. ಹಗ್ಗ ಚಿಕ್ಕದಾದರೆ ತೆರೆ ಬಂದಾಗಲೆಲ್ಲ ಲಂಗರು ಮೇಲಕ್ಕೆ ಎಳೆದು ಜಾರುತ್ತದೆ, ನೀವು ನೀರೊಳಗಿರುವಾಗ ಕಯಾಕ್ ಹೊರಟುಹೋಗುತ್ತದೆ. ಹಗ್ಗವನ್ನು ಮೂತಿಗೇ ಕಟ್ಟಿ. ಪಕ್ಕೆಗೆ ಕಟ್ಟಿದರೆ ಮೊದಲ ದೊಡ್ಡ ತೆರೆಗೆ ಮಗುಚುತ್ತದೆ.

ಒಂದು ಉಪಾಯ ತುಂಬ ಕೆಲಸಕ್ಕೆ ಬರುತ್ತದೆ. ಹಗ್ಗವನ್ನು ಲಂಗರಿನ ಮೇಲಿನ ಬಳೆಗೆ ಕಟ್ಟದೆ ಕೆಳಗಿನ ಬುಡಕ್ಕೆ ಗಟ್ಟಿಯಾಗಿ ಕಟ್ಟಿ, ಅಲ್ಲಿಂದ ಮೇಲಿನ ಬಳೆಗೆ ತಂದು ಅಲ್ಲಿ ಒಂದು ಎಳೆ ತೆಂಗಿನ ನಾರಿನ ಹಗ್ಗದಿಂದಲೋ ಸಣ್ಣ ಪ್ಲಾಸ್ಟಿಕ್ ಟೈಯಿಂದಲೋ ಬಿಗಿಯಿರಿ. ಸಾಮಾನ್ಯ ಎಳೆತಕ್ಕೆ ಅದು ಹಿಡಿಯುತ್ತದೆ. ಕೊಕ್ಕೆ ಕಲ್ಲಿನ ಸಂದಿಗೆ ಸಿಕ್ಕಿದರೆ ಜೋರಾಗಿ ಜಗ್ಗಿ: ನಾರು ಹರಿದು ಎಳೆತ ಬುಡದ ಕಡೆಯಿಂದ ಬೀಳುತ್ತದೆ, ಲಂಗರು ತಲೆಕೆಳಗಾಗಿ ಬಿಡಿಸಿಕೊಳ್ಳುತ್ತದೆ. ಸಿಕ್ಕಿದ ಲಂಗರು ಬಿಡಿಸಲೆಂದು ಸುಸ್ತಾದ ಹೊತ್ತಿನಲ್ಲಿ ಕೊನೆಯ ಸಲ ಮುಳುಗುವ ಪ್ರಮೇಯ ಇದರಿಂದ ತಪ್ಪುತ್ತದೆ.

ಕಯಾಕಿನಿಂದ ಬೇರೆಯಾಗಿ ಒಂದು ಲಾರಿ ಟ್ಯೂಬ್ ಬೇಕು, ಗಾಳಿ ತುಂಬಿ, ನಡುವೆ ಬಲೆ ಹೆಣೆದದ್ದು. ಅದರಿಂದ ಎಂಟು ಮೀಟರ್ ಹಗ್ಗ ಇಳಿಬಿಟ್ಟು ತುದಿಗೆ ಎರಡು ಕಿಲೋ ತೂಕ, ತೂಕಕ್ಕಿಂತ ಒಂದು ಮೀಟರ್ ಮೇಲೆ ಬಲೆಚೀಲ. ಕಿತ್ತ ಪಚ್ಚಿಲೆ ಆ ಚೀಲಕ್ಕೆ ಬೀಳಬೇಕೇ ಹೊರತು ನಿಮ್ಮ ಸೊಂಟಕ್ಕಲ್ಲ. ಸೊಂಟಕ್ಕೆ ಚೀಲ ಕಟ್ಟಿ ಕೀಳುವವರನ್ನು ದಡದಲ್ಲಿ ನೋಡಿರಬಹುದು; ಐದು ಕಿಲೋ ಚಿಪ್ಪು ಸೊಂಟಕ್ಕೆ ತೂಗಿದರೆ ಮೇಲೆ ಬರುವ ದಾರಿಯಲ್ಲಿ ಅದು ನಿಮ್ಮ ಉಸಿರನ್ನೇ ತಿನ್ನುತ್ತದೆ.

ಮೈಮೇಲೆ ಏನಿರಬೇಕು

ಮಾಸ್ಕ್ ಮೂಗನ್ನೂ ಮುಚ್ಚುವಂಥದ್ದಾಗಿರಬೇಕು. ಈಜುಕೊಳದ ಕನ್ನಡಕ ಇಲ್ಲಿ ಅಪಾಯ: ಆಳಕ್ಕೆ ಹೋದಂತೆ ಒಳಗಿನ ಗಾಳಿ ಕುಗ್ಗುತ್ತದೆ, ಅದಕ್ಕೆ ಗಾಳಿ ತುಂಬಲು ದಾರಿ ಇಲ್ಲ, ಕಣ್ಣಿನ ಬಿಳಿಯಲ್ಲಿ ರಕ್ತ ಕಟ್ಟುತ್ತದೆ. ಮೂಗಿರುವ ಮಾಸ್ಕಿನಲ್ಲಿ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಒತ್ತಡ ಸಮವಾಗುತ್ತದೆ. ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಗಾಳಿ ಎಳೆಯಿರಿ, ಕೈಬಿಟ್ಟರೂ ಅಂಟಿ ನಿಂತರೆ ಸರಿಯಾದ ಅಳತೆ. ಮೀಸೆ ಇದ್ದವರು ಮೂಗಿನ ಕೆಳಗೆ ಒಂದು ಸೆಂಟಿಮೀಟರ್ ಬೋಳಿಸಿಕೊಳ್ಳಿ, ಇಲ್ಲವಾದರೆ ಅಲ್ಲಿಂದಲೇ ನೀರು ಸೋರುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ಪಸೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ನಾಲ್ಕೈದು ಸಲ ಉಜ್ಜಿ ತೊಳೆದರೆ ಮಂಜು ಕಟ್ಟುವುದು ಕಡಿಮೆಯಾಗುತ್ತದೆ.

ಇಲ್ಲಿಯ ನೀರು 27ರಿಂದ 29 ಡಿಗ್ರಿ. ಬೆಚ್ಚಗೇ ಇದೆ ಅನಿಸುತ್ತದೆ, ಆದರೂ ದೇಹಕ್ಕಿಂತ ತಣ್ಣಗಿನ ನೀರು ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಕಾವು ಎಳೆದುಕೊಳ್ಳುತ್ತದೆ. ಒಂದು ಗಂಟೆ ಕಳೆದರೆ ಬೆರಳು ಬಿರುಸಾಗುತ್ತದೆ, ಒಂದೂವರೆಗೆ ನಡುಕ. ನಡುಕ ಶುರುವಾದ ಮೈ ಉಸಿರನ್ನು ಬೇಗ ಸುಡುತ್ತದೆ. 2 ಅಥವಾ 3 ಮಿಲಿಮೀಟರಿನ ನಿಯೋಪ್ರಿನ್ ರಬ್ಬರಿನ ಅಂಗಿ ಹಾಕಿದರೆ ಕಾವೂ ಉಳಿಯುತ್ತದೆ, ಕಲ್ಲಿನ ತರಚಿನಿಂದ ರಕ್ಷಣೆಯೂ ಆಯಿತು. ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿ ಕಯಾಕಿನಿಂದ ಮುಳುಗಿ ಈಟಿಯಲ್ಲಿ ರಾಕ್‌ಫಿಶ್ ಹೊಡೆಯುವವರು 10ರಿಂದ 13 ಡಿಗ್ರಿ ನೀರಿಗೆ ಇಳಿಯುತ್ತಾರೆ. ಅವರಿಗೆ ತಲೆಯನ್ನೂ ಮುಚ್ಚುವ 5ರಿಂದ 7 ಮಿಲಿಮೀಟರ್ ದಪ್ಪದ ಉಡುಪು ಬೇಕು. ಆ ದಪ್ಪ ಉಡುಪು ತೇಲಿಸುವುದರಿಂದ ಎಂಟು ಹತ್ತು ಕಿಲೋ ಸೀಸವೂ ಬೇಕು. ಅವರ ವೀಡಿಯೊ ನೋಡಿ ಅಷ್ಟೇ ಸೀಸ ಬಿಗಿದುಕೊಂಡು ನಮ್ಮ ಕಡಲಿಗೆ ಇಳಿದರೆ ತಳ ಸೇರಿದವರು ಮೇಲೆ ಬರಲು ಒದ್ದಾಡಬೇಕಾಗುತ್ತದೆ. ಇಲ್ಲಿ ಬರಿಮೈಗೆ ಸೊನ್ನೆಯಿಂದ ಎರಡು ಕಿಲೋ, 3 ಮಿಲಿಮೀಟರ್ ಅಂಗಿಗೆ ಎರಡರಿಂದ ನಾಲ್ಕು.

ಸರಿಯಾದ ತೂಕ ಕಂಡುಕೊಳ್ಳುವುದು ಹೀಗೆ. ಸೀಸದ ಬೆಲ್ಟ್ ಕಟ್ಟಿ ನೀರಲ್ಲಿ ನೆಟ್ಟಗೆ ನಿಂತು, ಕೈಕಾಲು ಆಡಿಸದೆ, ಉಸಿರನ್ನು ಸಹಜವಾಗಿ ಹೊರಬಿಡಿ. ಆಗಲೂ ನೀರು ಹಣೆಯ ಮಟ್ಟದಲ್ಲಿ ನಿಂತು ನೀವು ತೇಲುತ್ತಿರಬೇಕು. ಮುಳುಗಿದರೆ ಸೀಸ ಹೆಚ್ಚಾಯಿತು. ಪ್ರಜ್ಞೆ ತಪ್ಪಿದವನು ತಾನಾಗಿ ಮೇಲೆ ತೇಲಬೇಕೆಂಬುದೇ ಈ ಅಳತೆಯ ಉದ್ದೇಶ. ಬೆಲ್ಟು ರಬ್ಬರಿನದಾಗಿರಲಿ, ಒಂದೇ ಕೈಯಲ್ಲಿ ಎಳೆದರೆ ಬಿಚ್ಚುವ ಗುಂಡಿ ಇರಲಿ. ದಡದಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿ ಅಭ್ಯಾಸ ಮಾಡಿ.

ಕಾಲಿಗೆ ಹಾಕುವ ರೆಕ್ಕೆಯಂಥ ಫಿನ್, ರಬ್ಬರ್ ಮೆತ್ತಿದ ಹತ್ತಿಯ ಕೈಗವಸು, ಕಾಲಿಗೆ ಕಟ್ಟುವ ಸಣ್ಣ ಚಾಕು. ಚಾಕು ಪಚ್ಚಿಲೆಗಲ್ಲ, ಕಲ್ಲಿಗೆ ಸಿಕ್ಕಿ ಉಳಿದ ಹರಕು ಬಲೆ, ಟಂಗೀಸಿನ (ನೈಲಾನ್) ನೂಲು ಕತ್ತರಿಸಲು. ಕೀಳಲು ಒಂದು ಅಡಿ ಉದ್ದದ, ಎರಡು ಬೆರಳಗಲ ಬಾಯಿಯ ಉಳಿ. ಉಳಿಯ ಹಿಡಿಯ ಮೇಲೆ ಆರು ಸೆಂಟಿಮೀಟರ್ ಅಂತರದಲ್ಲಿ ಎರಡು ಗೀರು ಹಾಕಿಟ್ಟುಕೊಳ್ಳಿ. ಆ ಗೀರಿಗಿಂತ ಸಣ್ಣ ಕಾಯಿಯನ್ನು ಕಲ್ಲಿನಲ್ಲೇ ಬಿಡಿ.

ಉಸಿರು

ಇಡೀ ಮುಳುಗಿನಲ್ಲಿ ಜೀವಕ್ಕೆ ದೊಡ್ಡ ಅಪಾಯ ಇದೇ, ಅದೂ ಹೆಚ್ಚಾಗಿ ಕೆಳಗಲ್ಲ, ಮೇಲೆ ಬರುವಾಗ.

ಉಸಿರು ಬೇಕೆಂದು ಎದೆ ಒದ್ದಾಡುವುದು ಆಮ್ಲಜನಕ ಮುಗಿದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ಮುಳುಗುವ ಮೊದಲು ಜೋರುಜೋರಾಗಿ ಇಪ್ಪತ್ತು ಮೂವತ್ತು ಸಲ ಉಸಿರಾಡಿದರೆ ಆ ಇಂಗಾಲದ ಡೈಆಕ್ಸೈಡ್ ತೊಳೆದುಹೋಗುತ್ತದೆ, ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಚ್ಚರಿಸುವ ಗಂಟೆಯ ನಾಲಿಗೆ ಕಿತ್ತ ಹಾಗಾಯಿತು. ಇನ್ನೂ ಉಸಿರಿದೆ ಅನಿಸುತ್ತಲೇ ಇರುತ್ತದೆ. ಇದರ ಮೇಲೆ ಒತ್ತಡದ ಆಟ: ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು, ಐದು ಮೀಟರಿನಲ್ಲಿ ಒಂದೂವರೆಯಷ್ಟು. ಆ ಒತ್ತಡದಲ್ಲಿ ಇದ್ದಷ್ಟೇ ಆಮ್ಲಜನಕ ಮಿದುಳಿಗೆ ಸಾಕಾಗುತ್ತದೆ. ಐದು ಮೀಟರಿನಿಂದ ಮೇಲೆ ಬರುವಷ್ಟರಲ್ಲಿ, ನೀವು ಒಂದಿಷ್ಟೂ ಬಳಸದಿದ್ದರೂ, ಅದರ ಒತ್ತಡ ಮೂರರಲ್ಲೊಂದು ಪಾಲು ಇಳಿದುಹೋಗುತ್ತದೆ. ಪ್ರಜ್ಞೆ ತಪ್ಪುವುದು ಕೊನೆಯ ಒಂದೆರಡು ಮೀಟರಿನಲ್ಲಿ, ಅಥವಾ ತಲೆ ನೀರಿನ ಮೇಲೆ ಬಂದು ಕೆಲವು ಸೆಕೆಂಡಿನ ಮೇಲೆ. ಮುನ್ಸೂಚನೆ ಇರುವುದಿಲ್ಲ, ಸಂಕಟವೂ ಇರುವುದಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಟ್ಯೂಬ್ ಹಿಡಿದು, ಮುಖ ನೀರಿಗೆ ಹಾಕಿ, ಸ್ನಾರ್ಕಲ್ ಎಂಬ ಉಸಿರುಕೊಳವೆಯಲ್ಲಿ ಎರಡು ನಿಮಿಷ ಮನೆಯಲ್ಲಿ ಕುರ್ಚಿಯಲ್ಲಿ ಕೂತವರ ಹಾಗೆ ಉಸಿರಾಡಿ. ಕೊನೆಗೆ ಒಂದು ದೀರ್ಘ ಉಸಿರು, ಹೊಟ್ಟೆಯಿಂದ ಎದೆಗೆ. ಸ್ನಾರ್ಕಲ್ ಬಾಯಿಂದ ತೆಗೆಯಿರಿ. ಕಚ್ಚಿಕೊಂಡೇ ಹೋದರೆ ಪ್ರಜ್ಞೆ ತಪ್ಪಿದಾಗ ನೀರು ನೇರ ಗಂಟಲಿಗಿಳಿಯಲು ಅದೇ ಕೊಳವೆ. ಸೊಂಟದಿಂದ ಬಾಗಿ, ಕಾಲೆರಡನ್ನೂ ನೀರಿನಿಂದ ಮೇಲಕ್ಕೆ ನೆಟ್ಟಗೆ ಎತ್ತಿ. ಕಾಲಿನ ಭಾರವೇ ನಿಮ್ಮನ್ನು ಕೆಳಗೆ ನೂಕುತ್ತದೆ. ಫಿನ್ ಪೂರ್ತಿ ನೀರೊಳಗೆ ಹೋಗುವ ತನಕ ಒದೆಯಬೇಡಿ, ಮೇಲೆ ಒದ್ದರೆ ಸದ್ದು ಬರುತ್ತದೆ, ಮೈ ಹೋಗುವುದಿಲ್ಲ.

ಕಿವಿಯನ್ನು ತಲೆ ಮುಳುಗುವ ಮೊದಲೇ ಒಮ್ಮೆ ಬಿಡಿಸಿ, ಅಂದರೆ ಒಳಗಿನ ಒತ್ತಡ ಸಮ ಮಾಡಿ, ಆಮೇಲೆ ಮೀಟರಿಗೊಮ್ಮೆ. ನೋವು ಬಂದ ಮೇಲೆ ಮಾಡುವುದಲ್ಲ. ಮೂಗು ಹಿಡಿದು, ಬಾಯಿ ಮುಚ್ಚಿ, "ಕ್" ಎನ್ನಲು ನಾಲಿಗೆಯ ಬುಡ ಎತ್ತುವ ಹಾಗೆ ಗಾಳಿಯನ್ನು ಮೇಲಕ್ಕೆ ಒತ್ತಿ. ಕಿವಿಯಲ್ಲಿ ಸಣ್ಣಗೆ ಚಿಟಕೆ ಹೊಡೆದ ಹಾಗೆ ಕೇಳಿದರೆ ಆಯಿತು. ಎದೆಯಿಂದ ಬಲವಾಗಿ ಊದುವ ಪದ್ಧತಿ ತಲೆಕೆಳಗಾಗಿರುವಾಗ ಚೆನ್ನಾಗಿ ನಡೆಯುವುದಿಲ್ಲ. ಬಿಡಿಸಲಾಗದಿದ್ದರೆ ಅರ್ಧ ಮೀಟರ್ ಮೇಲೆ ಬಂದು ಮತ್ತೊಮ್ಮೆ ನೋಡಿ. ಆಗಲೂ ಆಗದಿದ್ದರೆ ಆ ಮುಳುಗು ಬಿಟ್ಟುಬಿಡಿ. ತಲೆಯನ್ನು ಹಿಂದಕ್ಕೆ ಎತ್ತಿ ತಳ ನೋಡುತ್ತಾ ಹೋಗುವುದು ಹೊಸಬರಲ್ಲಿ ಸಾಮಾನ್ಯ. ಕತ್ತು ಹಾಗೆ ಚಾಚಿದರೆ ಕಿವಿ ಬಿಡಿಸಿಕೊಳ್ಳುವುದಿಲ್ಲ. ಗಲ್ಲ ಎದೆಯ ಕಡೆಗಿರಲಿ, ಕಣ್ಣು ಹಗ್ಗದ ಮೇಲಿರಲಿ.

ಒಂದು ಮುಳುಗಿಗೆ 30ರಿಂದ 40 ಸೆಕೆಂಡ್. ಹೆಚ್ಚು ಹೊತ್ತು ಇರಬಲ್ಲೆವು ಎಂಬವರಿಗೂ ಅಷ್ಟೇ, ಏಕೆಂದರೆ ಸುಮ್ಮನೆ ಇರುವುದಕ್ಕೂ ಉಳಿ ತಿವಿಯುವುದಕ್ಕೂ ಖರ್ಚಾಗುವ ಉಸಿರು ಬೇರೆ. ಮೇಲೆ ಬಂದ ಕೂಡಲೇ ಎಲ್ಲ ಗಾಳಿಯನ್ನು ಒಮ್ಮೆಲೇ ಊದಿಬಿಡಬೇಡಿ. ಸ್ವಲ್ಪ ಬಿಟ್ಟು, ಬೇಗ ಎಳೆದು, ಒಂದು ಕ್ಷಣ ಹಿಡಿದು, ಹೀಗೆ ಮೂರು ಸಲ. ಆಮೇಲೆ ಕನಿಷ್ಠ ಎರಡು ನಿಮಿಷ ಮೇಲೆಯೇ ಇರಬೇಕು. ಗಂಟೆಗೆ ಇಪ್ಪತ್ತು ಮುಳುಗಿಗಿಂತ ಹೆಚ್ಚು ಬೇಡ.

ಒಬ್ಬ ಕೆಳಗಿದ್ದರೆ ಒಬ್ಬ ಮೇಲೆ. ಮೇಲಿರುವವನು ಕಯಾಕಿನಲ್ಲಿ ಕೂತು ಕಾಯುವುದಲ್ಲ. ಅಲ್ಲಿಂದ ನೀರಿನ ಮೇಲಿನ ಬಿಸಿಲಿನ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಅವನೂ ಮಾಸ್ಕ್ ಹಾಕಿ ನೀರಿನಲ್ಲಿದ್ದು, ಮುಖ ಕೆಳಗೆ ಮಾಡಿ ನೋಡುತ್ತಿರಬೇಕು, ಕೆಳಗಿನವನು ಮೇಲೆ ಬಂದು 30 ಸೆಕೆಂಡ್ ಆಗುವವರೆಗೂ ಅವನ ಮುಖದಿಂದ ಕಣ್ಣು ತೆಗೆಯಬಾರದು. ಮೂರನೆಯವನಿದ್ದರೆ ಅವನು ಕಯಾಕಿನಲ್ಲಿ ದೋಣಿಗಳ ಕಡೆ ಗಮನ ಇಡಲಿ.

ಜೊತೆಗಾರ ಪ್ರಜ್ಞೆ ತಪ್ಪಿದರೆ ಒಂದು ಕೈಯಿಂದ ಗಲ್ಲ ಹಿಡಿದು ಬಾಯಿ ಮುಚ್ಚಿಸಿ, ಇನ್ನೊಂದು ಕೈ ತಲೆಯ ಹಿಂದಿಟ್ಟು ಮೇಲೆ ತನ್ನಿ, ಬೆಲ್ಟ್ ಬಿಚ್ಚಿ ಬಿಡಿ. ಮೇಲೆ ಮುಖ ಆಕಾಶಕ್ಕೆ ಮಾಡಿ, ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಸುತ್ತ ಊದಿ, ಹೆಸರು ಹಿಡಿದು "ಉಸಿರು ತಗೋ" ಎಂದು ಕೂಗಿ. ಬಹಳಷ್ಟು ಸಲ ಇಷ್ಟಕ್ಕೇ ಉಸಿರು ಮರಳುತ್ತದೆ. ಹತ್ತು ಸೆಕೆಂಡಿನಲ್ಲಿ ಬಾರದಿದ್ದರೆ ಮೂಗು ಹಿಡಿದು ಬಾಯಿಯಿಂದ ಎರಡು ಉಸಿರು ಕೊಟ್ಟು ದಡಕ್ಕೆ ಎಳೆಯಿರಿ. ದಡದಲ್ಲಿ ಎದೆಗೆ 30 ಒತ್ತು, 2 ಉಸಿರು, ನಿಲ್ಲಿಸದೆ. ಆಂಬುಲೆನ್ಸಿಗೆ 108, ಕರಾವಳಿ ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554. ಪ್ರಜ್ಞೆ ಬಂದವನು ಎಷ್ಟೇ ಸರಿಯಿದ್ದೇನೆ ಎಂದರೂ ಆ ದಿನ ಮತ್ತೆ ನೀರಿಗಿಲ್ಲ. ಕೆಮ್ಮು, ಉಗುಳಿನಲ್ಲಿ ನೊರೆ ಅಥವಾ ರಕ್ತ ಕಂಡರೆ ನೇರ ಆಸ್ಪತ್ರೆಗೆ.

ಕಲ್ಲಿನ ಬುಡದಲ್ಲಿ

ಮೊದಲ ಮುಳುಗಿನಲ್ಲಿ ಏನೂ ಕೀಳಬೇಡಿ. ಕೆಳಗೆ ಹೋಗಿ ಒಂದು ಕಲ್ಲು ಹಿಡಿದು ನೀರು ಹೇಗೆ ಎಳೆಯುತ್ತದೆ ನೋಡಿ. ತೆರೆ ಒಳಬಂದಾಗ ಮೈ ಕಲ್ಲಿನ ಕಡೆಗೆ, ಹೋಗುವಾಗ ಹೊರಗೆ. ಮೈಯುದ್ದಕ್ಕಿಂತ ಹೆಚ್ಚು ದೂರ ಎಳೆದಾಡಿದರೆ ಆ ಜಾಗ ಬಿಡಿ. ತಡೆಗೋಡೆಗೆ ರಾಶಿ ಹಾಕಿದ ಕಲ್ಲುಗಳ ನಡುವಿನ ಪೊಟರೆಗೆ ಕೈ ಮೀರಿ ಏನನ್ನೂ ತೂರಿಸಬಾರದು. ದಪ್ಪ ಕಾಯಿ ಅಲ್ಲಿಯೇ ಹೆಚ್ಚು ಕಾಣುವುದು ನಿಜ, ಒಳನುಗ್ಗುವ ನೀರು ತಲೆಯನ್ನೂ ಅಲ್ಲಿಗೇ ನುಗ್ಗಿಸುವುದೂ ನಿಜ.

ಪಚ್ಚಿಲೆ ಗೊಂಚಲಾಗಿ ಕೂತಿರುತ್ತದೆ, ಒಂದರ ನಾರು ಇನ್ನೊಂದಕ್ಕೂ ಸುತ್ತಿರುತ್ತದೆ. ನಡುವಿಗೆ ಉಳಿ ಹಾಕಿ ಮೀಟಿದರೆ ಚಿಪ್ಪು ಒಡೆಯುತ್ತದೆ, ಒಡೆದದ್ದರ ವಾಸನೆಗೆ ಮೀನು ಮುತ್ತುತ್ತದೆ, ಸಡಿಲಗೊಂಡ ಉಳಿದವು ಮುಂದಿನ ದೊಡ್ಡ ತೆರೆಗೆ ಉದುರಿ ಹೊಯ್ಗೆಯಲ್ಲಿ ಸಾಯುತ್ತವೆ. ಎಡಗೈಯಿಂದ ಅಲುಗದ ಕಲ್ಲು ಹಿಡಿದುಕೊಳ್ಳಿ. ಗೊಂಚಲಿನ ಅಂಚಿನಲ್ಲಿ ಉಳಿಯ ಬಾಯಿಯನ್ನು ಕಲ್ಲಿಗೆ ಒರಗಿಸಿ ಚಿಪ್ಪಿನ ಅಡಿಗೆ ಜಾರಿಸಿ, ನೀರು ಹೊರಗೆ ಎಳೆಯುವ ಕ್ಷಣದಲ್ಲಿ ಮಣಿಕಟ್ಟು ತಿರುವಿ. ನಾರು ಹರಿಯುವುದು ಕೈಗೆ ತಿಳಿಯುತ್ತದೆ, ಹಳೆ ಗೋಣಿ ಹರಿದ ಹಾಗೆ. ನಾಲ್ಕೈದು ಕಾಯಿಯ ತುಂಡು ಒಟ್ಟಿಗೆ ಬರುತ್ತದೆ, ಚೀಲಕ್ಕೆ ಹಾಕಿ. ಒಂದು ಮುಳುಗಿಗೆ ಇಂಥ ಎರಡು ತುಂಡು ಸಾಕು. ಮೂರನೆಯದಕ್ಕೆ ಆಸೆಪಟ್ಟಾಗಲೇ ಸೆಕೆಂಡುಗಳು ಲೆಕ್ಕ ತಪ್ಪುವುದು.

ಒಂದು ಬಂಡೆಯನ್ನು ಪೂರ್ತಿ ಬೋಳಿಸಬೇಡಿ. ಅಂಗೈಯಗಲ ತೆಗೆದು ಅದರ ಎರಡರಷ್ಟು ಬಿಟ್ಟು ಮುಂದೆ ಹೋಗಿ. ಪಡನ್ನ, ಚೆರುವತ್ತೂರಿನ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಕಲ್ಲುಮ್ಮಕಾಯಿ ಬೆಳೆಸುವ ಮಹಿಳಾ ಸಂಘಗಳಿಗೂ ಮರಿ ಸಿಗಬೇಕಾದದ್ದು ಕಡಲಿನ ಇಂಥ ಕಲ್ಲುಗಳಿಂದಲೇ. ಇಬ್ಬರ ಎರಡು ಗಂಟೆಯ ಕೆಲಸಕ್ಕೆ ಎಂಟರಿಂದ ಹತ್ತು ಕಿಲೋ ನ್ಯಾಯವಾದ ಪಾಲು.

ಬಂಡೆಗೆ ಅಂಟಿದ ಬಾರ್ನಕಲ್ ಎಂಬ ಬಿಳಿ ಸುಣ್ಣಚಿಪ್ಪು ಬ್ಲೇಡಿನಷ್ಟು ಹರಿತ. ಗಾಯವಾದರೆ ಸಿಹಿನೀರು, ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಕಡಲನೀರಿನ ಕೆಲವು ಬ್ಯಾಕ್ಟೀರಿಯಾ ಗಾಯದೊಳಗೆ ಬಹಳ ಬೇಗ ಹರಡುತ್ತವೆ. ಕೆಂಪು, ಊತ, ಜ್ವರ ಒಂದು ದಿನದೊಳಗೆ ಏರಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಕಡಲಲ್ಲಾದ ಗಾಯ ಎಂದು ಹೇಳಿ. ಸಕ್ಕರೆ ಕಾಯಿಲೆ, ಯಕೃತ್ತಿನ ತೊಂದರೆ ಇದ್ದವರು ಇನ್ನೂ ಜಾಗ್ರತೆ. ಕಲ್ಲಿನ ಬಣ್ಣದಲ್ಲೇ ಅಡಗಿರುವ ಮುಳ್ಳುಮೀನು ಚುಚ್ಚಿದರೆ ನೋವು ತಡೆಯಲಾಗುವುದಿಲ್ಲ. ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಿ. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ಪರೀಕ್ಷಿಸಿ, ಚುಚ್ಚಿದ ಕೈಗೆ ಬಿಸಿ ತಿಳಿಯುವುದಿಲ್ಲ.

ದಡ ಸೇರುವುದು

ಕಯಾಕಿಗೆ ಹತ್ತುವಾಗ ಪಕ್ಕಕ್ಕೆ ಬಂದು ಕಾಲನ್ನು ಹಿಂದೆ ಚಾಚಿ ಒದ್ದು ಹೊಟ್ಟೆಯ ಮೇಲೆ ಅಡ್ಡ ಬೀಳಿ, ಹೊರಳಿ ಕೂತು, ಆಮೇಲೆ ಕಾಲು ಒಳಗೆ. ಇದನ್ನು ಸುಸ್ತಾಗುವ ಮೊದಲೇ ಒಮ್ಮೆ ಮಾಡಿ ನೋಡಿರಬೇಕು. ಚೀಲವನ್ನು ಸೀಟಿನ ಹಿಂದೆ, ನಡುವಿನಲ್ಲಿ, ತಗ್ಗಿನಲ್ಲಿ ಕಟ್ಟಿ. ದಡದ ತೆರೆ ಒಡೆಯುವಲ್ಲಿಗೆ ಬಂದಾಗ ನಿಂತು ಎಣಿಸಿ. ದೊಡ್ಡವು ಮೂರು ನಾಲ್ಕು ಒಟ್ಟಿಗೆ ಬಂದು ಹೋದ ಮೇಲೆ ಕೊನೆಯದರ ಬೆನ್ನ ಹಿಂದೆ ಹುಟ್ಟು ಹಾಕಿ. ಇಳಿಯುವುದು ಕಡಲಿನ ಕಡೆಗೆ. ದಡದ ಕಡೆಗೆ ಇಳಿದರೆ ಮುಂದಿನ ತೆರೆ ತುಂಬಿದ ಕಯಾಕನ್ನು ಎತ್ತಿ ನಿಮ್ಮ ಮೊಣಕಾಲಿಗೆ ಬಡಿಯುತ್ತದೆ.

ತಿನ್ನುವ ಮೊದಲು

ಪಚ್ಚಿಲೆ ನೀರು ಸೋಸಿ ಬದುಕುವ ಜೀವಿ. ನೀರಲ್ಲಿದ್ದದ್ದು ಅದರಲ್ಲೂ ಇರುತ್ತದೆ. ಚರಂಡಿ ಸೇರುವಲ್ಲಿ, ಬಂದರಿನ ಡೀಸೆಲ್ ಎಣ್ಣೆ ತೇಲುವಲ್ಲಿ, ಜೋರು ಮಳೆ ಬಂದ ಮರುದಿನ ಅಳಿವೆಯ ಹತ್ತಿರ ಕೀಳಬೇಡಿ. ಇವುಗಳಿಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ಪಾಚಿಯ ವಿಷ. 1983ರ ಏಪ್ರಿಲಿನಲ್ಲಿ ನಮ್ಮ ಕುಂಬಳೆ ಹೊಳೆಯ ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿ ತಿಂದು ಆರಿಕ್ಕಾಡಿಯಲ್ಲಿ ಒಂದು ಸಾವಾಯಿತು, ಹಲವರು ಆಸ್ಪತ್ರೆ ಸೇರಿದರು. 1997ರಲ್ಲಿ ತಿರುವನಂತಪುರದ ಬಳಿ ವಿಳಿಂಜದಲ್ಲಿ ಕಲ್ಲುಮ್ಮಕಾಯಿಯಿಂದಲೇ ಏಳು ಮಂದಿ ತೀರಿಕೊಂಡರು. ಆ ವಿಷ ಬೇಯಿಸಿದರೆ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ರುಚಿ ವಾಸನೆ ಏನೂ ಬದಲಾಗುವುದಿಲ್ಲ. ಹುಣಸೆ, ಬೆಳ್ಳುಳ್ಳಿ ಹಾಕಿದರೆ ವಿಷ ಮುರಿಯುತ್ತದೆ ಎಂಬುದನ್ನು ನಂಬಬೇಡಿ. ನೀರು ಕೆಂಪು, ಕಂದು ಅಥವಾ ಗಾಢ ಹಸಿರಾಗಿ ಪಟ್ಟೆ ಕಟ್ಟಿದ್ದರೆ, ಸತ್ತ ಮೀನು ತೇಲಿದ್ದರೆ, ಆ ದಡದ ಚಿಪ್ಪನ್ನು ವಾರಗಟ್ಟಲೆ ಮುಟ್ಟಬೇಡಿ. ನೀರಿಗೆ ಬಣ್ಣ ಬಾರದೆಯೂ ವಿಷ ಇರಬಹುದಾದ್ದರಿಂದ ಊರಲ್ಲಿ ಯಾರಿಗಾದರೂ ಚಿಪ್ಪು ತಿಂದು ತೊಂದರೆಯಾದ ಸುದ್ದಿ ಇದ್ದರೂ ಅಷ್ಟೇ. ತಿಂದ ಅರ್ಧ ಗಂಟೆಯಿಂದ ಒಂದೆರಡು ಗಂಟೆಯಲ್ಲಿ ತುಟಿ, ನಾಲಿಗೆ ಜುಮ್ಮೆಂದು ಬೆರಳು ಮರಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಇದಕ್ಕೆ ಪ್ರತಿಮದ್ದು ಇಲ್ಲ. ಉಸಿರಾಟ ನಿಲ್ಲದಂತೆ ಯಂತ್ರದಿಂದ ಉಸಿರು ಕೊಟ್ಟು ವಿಷ ಇಳಿಯುವ ತನಕ ಕಾಯಬೇಕಾಗುತ್ತದೆ, ಹಾಗಾಗಿ ವೆಂಟಿಲೇಟರ್ ಇರುವ ಆಸ್ಪತ್ರೆಯೇ ಆಗಬೇಕು.

ಕಿತ್ತದ್ದನ್ನು ಕಡಲನೀರಲ್ಲಿ ಅದ್ದಿದ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ಸಿಹಿನೀರಿನ ಬಾಲ್ದಿಯಲ್ಲಿ ಹಾಕಿಟ್ಟರೆ ಸಾಯುತ್ತದೆ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲೂ ಸಾಯುತ್ತದೆ. ಅದೇ ದಿನ ಬೇಯಿಸುವುದು ಒಳ್ಳೆಯದು. ಬಾಯಿ ತೆರೆದಿದ್ದರೆ ಒಂದಕ್ಕೊಂದು ತಟ್ಟಿ ನೋಡಿ, ಮುಚ್ಚಿಕೊಳ್ಳದ್ದನ್ನು ಬಿಸಾಡಿ. ತೆಂಗಿನ ನಾರಿನಿಂದ ಚಿಪ್ಪು ತಿಕ್ಕಿ, ಹೊರಗೆ ಇಣುಕುವ ನಾರಿನ ಗಡ್ಡವನ್ನು ಚಿಪ್ಪಿನ ಕೀಲಿನ ಕಡೆಗೆ ಎಳೆದು ತೆಗೆಯಿರಿ, ಅದೂ ಬೇಯಿಸುವ ಸ್ವಲ್ಪ ಮೊದಲು. ಒಂದು ಲೋಟ ನೀರು ಹಾಕಿ ಮುಚ್ಚಿ ಬೇಯಿಸಿ. ಎಲ್ಲ ಬಾಯಿ ಬಿಟ್ಟ ಮೇಲೂ ಐದು ನಿಮಿಷ ಕುದಿಯಲಿ. ಬಾಯಿ ಬಿಡದೆ ಉಳಿದದ್ದನ್ನು ಬಲವಂತವಾಗಿ ಬಿಡಿಸಿ ತಿನ್ನಬೇಡಿ. ಒಳಗಿನ ಮಾಂಸ ಕೆಲವದರಲ್ಲಿ ಕೇಸರಿ, ಕೆಲವದರಲ್ಲಿ ಕೆನೆಬಿಳಿ ಇರುತ್ತದೆ. ಕೆಟ್ಟದ್ದೆಂದು ಎಸೆಯಬೇಡಿ, ಕೇಸರಿ ಹೆಣ್ಣು, ಬಿಳಿ ಗಂಡು. ಬೆಂದ ನೀರನ್ನು ತಳದ ಹೊಯ್ಗೆ ಬಿಟ್ಟು ಮೇಲಿಂದ ಬಗ್ಗಿಸಿ ಸುಕ್ಕಕ್ಕೆ ಬಳಸಿ, ಆಗ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ.